ಅತ್ತೆಯವರ ಮಾತ್ರೆಯೂ ನನ್ನ ಇಂಗ್ಲಿಷೂ

ಒಗ್ಗರಣೆ ಹಾಕುತ್ತಾ ‘ಐ ಕುಕ್ಡ್, ಐ ವಾಷ್ಡ್’ ಎಂದು ಗುನುಗುವ ಹೆಂಗಸನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಹೇಮಾವತಿ ಹುಟ್ಟುವ ನಮ್ಮ ಜಾವಳಿಗೆ ಬನ್ನಿ, ನನ್ನ ಅಡಿಗೆಮನೆ ತೋರಿಸುತ್ತೇನೆ!

ಈ ವಯಸ್ಸಿನಲ್ಲಿ ಇದೇನು ಹುಚ್ಚು ಅಂತೀರಾ? ಕೇಳಿ. ಸಕ್ಕರೆ ಕಾಯಿಲೆಯ ನಮ್ಮತ್ತೆಯವರನ್ನು ಚಾರ್ಮಾಡಿ ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೆವು. ನರ್ಸಮ್ಮನಿಗೆ ಕನ್ನಡ ಬಾರದು. ಮಾತ್ರೆಯ ವಿಷಯ ಕೇಳಿದಾಗ ನಾನು ‘ಮಾರ್ನಿಂಗ್ ಟ್ಯಾಬ್ಲೆಟ್ ಟೇಕ್’ ಅಂದೆ. ‘ಬೆಳಿಗ್ಗೆ ಮಾತ್ರೆ ತಗೊಂಡ್ರು’ ಅನ್ನೋದು ನನ್ನ ಮನಸ್ಸಿನಲ್ಲಿದ್ದದ್ದು. ಆಕೆ ತಿಳಿದದ್ದು, ‘ಬೆಳಗಿನ ಮಾತ್ರೆ ಕೊಡಬೇಕು’ ಎಂದು! ಇನ್ನೊಂದು ಮಾತ್ರೆ ತಂದೇಬಿಟ್ಟಳು. ಪಕ್ಕದ ಮಂಚದಾಕೆ ತಡೆದು ಬಿಡಿಸಿ ಹೇಳದಿದ್ದರೆ, ಎರಡೆರಡು ಮಾತ್ರೆಯಿಂದ ಸಕ್ಕರೆ ತೀರಾ ಇಳಿದು ಏನಾಗುತ್ತಿತ್ತೋ! ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಊರಿಗೆ ಬಂದವಳೇ ಮಗಳನ್ನು ಗುರುವಾಗಿ ಮಾಡಿಕೊಂಡೆ. ನಮ್ಮ ಮಾತಿನಲ್ಲಿ ಕೆಲಸ ಕೊನೆಗೆ ಬರುತ್ತದೆ: ‘ನಾನು ರೊಟ್ಟಿ ತಿಂದೆ.’ ಇಂಗ್ಲಿಷಿನಲ್ಲಿ ಅದು ನಡುವೆ ನುಗ್ಗುತ್ತದೆ: ‘ಐ ಏಟ್ ರೊಟ್ಟಿ.’ ಮೊದಲು ಮಾಡಿದವರು, ಆಮೇಲೆ ಕೆಲಸ, ಆಮೇಲೆ ವಸ್ತು. ಇಷ್ಟು ಹಿಡಿದುಕೊಂಡರೆ ಅರ್ಧ ಗೆದ್ದಂತೆ.

ಕಷ್ಟವಾದದ್ದು ಭೂತಕಾಲ. ‘ಕುಕ್’ ‘ಕುಕ್ಡ್’ ಆದರೆ ‘ಗೋ’ ‘ಗೋಡ್’ ಆಗಬೇಡವೆ? ಮಗಳು ಬಿದ್ದು ಬಿದ್ದು ನಕ್ಕಳು. ‘ವೆಂಟ್’ ಅಂತೆ! ನನಗೆ ಸಿಟ್ಟೇ ಬಂತು. ಆಮೇಲೆ ಅಕ್ಕಿ ಆರಿಸುತ್ತಾ ಯೋಚಿಸಿದೆ. ನಮ್ಮಲ್ಲಿ ಮಾತ್ರ ಎಲ್ಲಾ ನೇರವೆ? ‘ನೋಡು’ ‘ನೋಡಿದೆ’ ಆದರೆ, ‘ಕೊಡು’ ‘ಕೊಡಿದೆ’ ಆಯಿತೆ? ‘ಕೊಟ್ಟೆ’ ಅಂತೀವಿ. ‘ಬರು’ ‘ಬಂದೆ’, ‘ಬೀಳು’ ‘ಬಿದ್ದೆ’. ಯಾರೂ ಕೂರಿಸಿ ಕಲಿಸಲಿಲ್ಲ, ಆಡಿ ಆಡಿ ಬಂತು. ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ ಸಾಹೇಬರು ಇಂಥ ಕನ್ನಡವನ್ನು ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಹೊರತಂದರಲ್ಲ! ನಮಗೆ ನಾಲ್ಕು ವಾಕ್ಯ ಬಾರದೆ?

ಇನ್ನೊಂದು ಗುಟ್ಟು ಹೇಳುತ್ತೇನೆ. ‘ಐ ಡಿಡ್ ನಾಟ್ ವೆಂಟ್’ ಅನ್ನಬಾರದು, ‘ಡಿಡ್ ನಾಟ್ ಗೋ’ ಅನ್ನಬೇಕು. ಮರೆತರೆ ಕನ್ನಡವನ್ನೇ ನೆನೆಯಿರಿ: ‘ಹೋದೆ’ ಅಂತೀವಿ, ಆದರೆ ‘ಹೋದಲಿಲ್ಲ’ ಅಂತೀವಾ? ‘ಹೋಗಲಿಲ್ಲ’. ಇಲ್ಲ ಅನ್ನುವಾಗ ಇಬ್ಬರೂ ಮೂಲಕ್ಕೇ ಮರಳುತ್ತಾರೆ, ನೋಡಿ!

ನನ್ನ ಅಭ್ಯಾಸ ಇಷ್ಟೇ. ರಾತ್ರಿ ಪಾತ್ರೆ ತೊಳೆದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂದೆ ಆ ದಿನ ಮಾಡಿದ್ದು ಮೂರು, ಮಾಡದೆ ಬಿಟ್ಟದ್ದು ಎರಡು ಬರೆಯುವುದು, ಗಟ್ಟಿಯಾಗಿ ಓದುವುದು. ಅತ್ತೆಯವರೇ ಕೇಳುವವರು. ‘ಏನಂದ್ಯೇ ಅದು, ನನ್ನ ಬೈದ್ಯಾ?’ ಎಂದು ನಗುತ್ತಾರೆ.

ಮೂರು ತಿಂಗಳ ನಂತರ ತಪಾಸಣೆಗೆ ಹೋದಾಗ ಅದೇ ನರ್ಸಮ್ಮ ಸಿಕ್ಕಳು. ಎದೆ ಡವಡವ ಅನ್ನುತ್ತಿದ್ದರೂ ಹೇಳಿದೆ: ‘ಶಿ ಏಟ್ ಇಡ್ಲಿ. ಶಿ ಟುಕ್ ದ ಟ್ಯಾಬ್ಲೆಟ್ ಅಟ್ ಏಟ್ ಓ ಕ್ಲಾಕ್.’ ಆಕೆ ತಲೆಯಾಡಿಸಿ ಹಾಗೆಯೇ ಬರೆದುಕೊಂಡಳು.

ಹೊರಗೆ ಬಂದ ಮೇಲೆ ಅತ್ತೆಯವರು ನನ್ನ ಕೈ ಹಿಡಿದು, ‘ಈ ಸಲ ಸರಿಯಾಗಿ ಹೇಳ್ದೆ ಕಣೇ’ ಅಂದರು. ಒಂದಕ್ಷರ ಇಂಗ್ಲಿಷ್ ಬಾರದ ಅವರಿಗೆ ಹೇಗೆ ಗೊತ್ತಾಯಿತೋ!

ಇವತ್ತು ರಾತ್ರಿ ನೀವೂ ಒಂದು ವಾಕ್ಯ ಬರೆದು ನೋಡಿ.