ರಸೀದಿ ಕೇಳುವ ವಿದ್ಯೆ

ಜೀವನ ಕೌಶಲ ಎಂದರೆ ಶಿಕ್ಷಕರ ತರಬೇತಿಯಲ್ಲಿ ಹತ್ತು ಹೆಸರಿನ ಪಟ್ಟಿ ಕೈಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತೊಂಬತ್ತರ ದಶಕದಲ್ಲಿ ಮಾಡಿದ್ದು: ತನ್ನನ್ನು ಅರಿಯುವುದು, ಪರರ ನೋವು ತಿಳಿಯುವುದು, ನಿರ್ಧಾರ ಮಾಡುವುದು, ಒತ್ತಡ ತಾಳುವುದು, ಹೀಗೆ. ಗದಗ ಜಿಲ್ಲೆಯ ಹೊಳೆಮಣ್ಣೂರಿನಲ್ಲಿ ನಿಂತು ಅದನ್ನು ಓದುವ ಮಾಸ್ತರಿಗೆ ಸಣ್ಣ ನಗು ಬಂದೀತು. ಅವರ ಮುಂದಿರುವವರು ಮಲಪ್ರಭೆಯ ದಂಡೆಯ ಮಕ್ಕಳು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾರಂತ ಎಂಬ ಸುದ್ದಿ ಬಂದರೆ ಮೊದಲು ದನ ಬಿಚ್ಚಬೇಕೋ, ಜೋಳದ ಚೀಲ ಮಾಳಿಗೆಗೆ ಏರಿಸಬೇಕೋ, ಅಜ್ಜಿಯನ್ನು ಎಬ್ಬಿಸಬೇಕೋ ಎಂದು ಇವರಿಗೆ ಯಾರೂ ಕಲಿಸಬೇಕಿಲ್ಲ. 2009ರ ನೆರೆಯ ಕಥೆ ಕೇಳಿ ಬೆಳೆದವರು, 2019ರದ್ದನ್ನು ಕಣ್ಣಾರೆ ಕಂಡವರು.

ಇವರಲ್ಲೇ ಒಬ್ಬ ಹುಡುಗ ಜಾತಿ, ಆದಾಯದ ಪ್ರಮಾಣಪತ್ರಕ್ಕೆಂದು ಕಚೇರಿಯ ಕಿಟಕಿ ಮುಂದೆ ನಿಂತಾಗ ನೋಡಬೇಕು. ಹೊಳೆಗೆ ಅಂಜದವನ ನಾಲಿಗೆ ಅಲ್ಲಿ ಒಣಗುತ್ತದೆ. 'ನಾಳೆ ಬಾ' ಎಂದರೆ 'ಹೂಂರಿ' ಎಂದು ತಿರುಗಿ ಬರುತ್ತಾನೆ. 2011ರ ಸಕಾಲ ಕಾಯ್ದೆಯಲ್ಲಿ ಅರ್ಜಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು ಇದೆಯೆಂದು ಅವನಿಗೆ ಹೇಳಿದವರು ಯಾರು?

ಎಸ್ಸೆಸ್ಸೆಲ್ಸಿ ತಲೆಯ ಮೇಲಿರುವಾಗ ಇದಕ್ಕೆಲ್ಲ ಹೊತ್ತೆಲ್ಲಿ ಎನ್ನುತ್ತಾರೆ. ಹೊಸ ತಾಸು ಬೇಡ. ಕನ್ನಡ ಪತ್ರಿಕೆಯಲ್ಲಿ ಪತ್ರಲೇಖನ ಹೇಗೂ ಇದೆ. ಇಲ್ಲದ ಊರಿನ ಇಲ್ಲದ ಅಧಿಕಾರಿಗೆ ಬರೆಸುವ ಬದಲು ಊರಿನ ಬಸ್ಸಿಗೆ, ಬಿದ್ದ ಗೋಡೆಯ ಪರಿಹಾರಕ್ಕೆ ನಿಜವಾದ ಅರ್ಜಿ ಬರೆಸಿದರಾಯಿತು. ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಯನ್ನೂ ಬರೆಸಬಹುದು. ಹದಿನೆಂಟು ತುಂಬದ ಗೆಳತಿಯ ಮದುವೆ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಏನು ಹೇಳಬೇಕು, ಮೊದಲು ಊರ ಹೆಸರೋ ತಾರೀಖೋ ಎಂಬುದನ್ನು ತರಗತಿಯಲ್ಲೇ ಬಾಯಿಬಿಟ್ಟು ಆಡಿಸಬಹುದು.

ಅರ್ಜಿ ಬರೆದು ಲೆಕ್ಕ ಕೇಳುವ ಈ ವಿದ್ಯೆ ನಮ್ಮ ಸೀಮೆಗೆ ಪರಕೀಯವೂ ಅಲ್ಲ. ಇದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಸಂಘವೆಂದರೆ ಠರಾವು ಬರೆಯಬೇಕು, ಸಹಿ ಹಾಕಬೇಕು, ಲೆಕ್ಕ ಕೇಳಬೇಕು, ಕೇಳಿದವರಿಗೆ ತೋರಿಸಬೇಕು. ಒಕ್ಕಲುತನದವರು ಕಾಗದದ ಅಂಜಿಕೆ ಬಿಟ್ಟದ್ದು ಹಾಗೆ, ಜೊತೆಯಾಗಿ.

ಹತ್ತನೆಯ ಇಯತ್ತೆ ಬಿಡುವ ಮುನ್ನ ಒಂದು ಅರ್ಜಿಯನ್ನು ತಾನೇ ಬರೆದು, ಕೊಟ್ಟು, ರಸೀದಿ ಕೇಳಿ ತಂದ ಹುಡುಗಿ ನನ್ನ ಲೆಕ್ಕದಲ್ಲಿ ಪಾಸು. ಪಟ್ಟಿಯ ಹತ್ತೂ ಹೆಸರು ಬಾಯಿಪಾಠ ಒಪ್ಪಿಸಿದವನನ್ನು ಮಾತ್ರ ಇನ್ನೊಮ್ಮೆ ಕೂಡಿಸಬೇಕು.