ಕೆಂಡದ ಕೋಳಿಗೊಂದು ಖಾರದ ಗೊಜ್ಜು



ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ಈಗ ಅಡುಗೆಯ ಬಗ್ಗೆ ಬರೆಯಲು ಹೊರಟಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಅದರಲ್ಲೂ ಇಂದಿನ ಅಡುಗೆಯಲ್ಲಿ ಬೀರ್ ಎಂಬ ಪದಾರ್ಥ ಬರುತ್ತದೆ. ತರಗತಿಯಲ್ಲಿ ಮದ್ಯಪಾನದ ದುಷ್ಪರಿಣಾಮಗಳ ಮೇಲೆ ನಿಮ್ಮಿಂದ ಪ್ರಬಂಧ ಬರೆಸಿದ ಮೇಷ್ಟ್ರೇ ಇವರು ಎಂದು ಹುಬ್ಬೇರಿಸುವವರು ದಯವಿಟ್ಟು ಕೊನೆಯವರೆಗೆ ಓದಬೇಕಾಗಿ ವಿನಂತಿ.

ನನ್ನ ಮಗ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ನೆಲೆಸಿರುವುದು ನಿಮಗೆ ತಿಳಿದೇ ಇದೆ. 2018ರ ಬೇಸಿಗೆಯಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋಗಿದ್ದಾಗ, ಅವನ ನೆರೆಮನೆಯವರೊಬ್ಬರು ಹಿತ್ತಿಲಿನಲ್ಲಿ ಕೆಂಡದ ಮೇಲೆ ಕೋಳಿ ಸುಟ್ಟು, ಅದಕ್ಕೆ ಕೆಂಪಗಿನ ಖಾರದ ಗೊಜ್ಜೊಂದನ್ನು ಬಳಿದು ಬಡಿಸಿದರು. ಅವರು ಪಕ್ಕದ ಲೂಯಿಸಿಯಾನ ರಾಜ್ಯದವರು. ಕೇಜನ್ ಎಂಬ ಸಮುದಾಯಕ್ಕೆ ಸೇರಿದವರು. ಗೊಜ್ಜಿನ ರುಚಿ ನನಗೆ ಅಪರಿಚಿತವೆನಿಸಲಿಲ್ಲ. ಹುಳಿ, ಖಾರ, ಸಿಹಿ, ಹಿಂದೆಯೇ ತುಸು ಕಹಿ. ನಮ್ಮ ಸೀಮೆಯ ಹುಣಸೆಗೊಜ್ಜಿನ ದೂರದ ನೆಂಟನಂತೆ ತೋರಿತು.

ಈ ಕೇಜನ್ನರ ಚರಿತ್ರೆ ಮನಕಲಕುವಂಥದು. ಇವರ ಪೂರ್ವಿಕರು ಇಂದಿನ ಕೆನಡಾದ ನೋವಾ ಸ್ಕೋಷಿಯಾ ಪ್ರದೇಶದಲ್ಲಿ, ಅಂದಿನ ಅಕಾಡಿಯಾದಲ್ಲಿ, ಬೇಸಾಯ ಮಾಡಿಕೊಂಡಿದ್ದ ಫ್ರೆಂಚ್ ಭಾಷಿಕರು. 1755ರಿಂದ ಬ್ರಿಟಿಷರು ಅವರನ್ನು ಹಡಗುಗಳಲ್ಲಿ ತುಂಬಿ ನೆಲದಿಂದ ಹೊರದಬ್ಬಿದರು. ಅಲೆದಾಡಿದವರಲ್ಲಿ ಕೆಲವರು 1765ರ ಹೊತ್ತಿಗೆ ಲೂಯಿಸಿಯಾನದ ಜೌಗುನೆಲವನ್ನು ಸೇರಿ, ಅಲ್ಲಿ ಸಿಕ್ಕಿದ್ದನ್ನೇ ಬೇಯಿಸಿ ಬದುಕಿದರು. ಅಕಾಡಿಯನ್ ಎಂಬ ಪದವೇ ಸವೆದು ಕೇಜನ್ ಆಯಿತು. 1921ರ ಲೂಯಿಸಿಯಾನ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯಗೊಳಿಸಿತು. ಮನೆಮಾತಾದ ಫ್ರೆಂಚ್ ಆಡಿದ ಮಕ್ಕಳು ಶಾಲೆಯಲ್ಲಿ ಶಿಕ್ಷೆ ಅನುಭವಿಸಿದರು. 1968ರಲ್ಲಿ ರಾಜ್ಯವೇ ಫ್ರೆಂಚ್ ಭಾಷೆಯ ಪುನರುಜ್ಜೀವನಕ್ಕೆ ಮಂಡಳಿಯೊಂದನ್ನು ರಚಿಸುವ ವೇಳೆಗೆ ಒಂದು ತಲೆಮಾರು ಮಾತನ್ನು ಕಳೆದುಕೊಂಡಿತ್ತು. ನೆರೆಮನೆಯವರಿಗೂ ಅಜ್ಜಿಯ ಭಾಷೆ ಬಾರದು. ಅಜ್ಜಿಯ ಗೊಜ್ಜು ಮಾತ್ರ ಬರುತ್ತದೆ. ಶಿಕ್ಷಕನಾದ ನನಗೆ ಆ ಮಾತು ಬಹಳ ದಿನ ಕಾಡಿತು.

ಗೊಜ್ಜಿನ ವಿಧಾನ ಹೀಗಿದೆ. ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಸೆಲರಿ ಎಂಬ ಕಾಂಡದ ಸೊಪ್ಪು, ಈ ಮೂರೂ ಕೇಜನ್ ಅಡುಗೆಯ ಅಡಿಪಾಯ. ಇವುಗಳನ್ನು ಸಣ್ಣಗೆ ಹೆಚ್ಚಿ, ಬೆಣ್ಣೆಯಲ್ಲಿ ಬಾಡಿಸಿ, ಬೆಳ್ಳುಳ್ಳಿ ಸೇರಿಸಬೇಕು. ಬಳಿಕ ಕೆಂಪು ಮೆಣಸಿನಪುಡಿ, ಕಾಳುಮೆಣಸಿನಪುಡಿ ಹಾಕಿ ಅರೆನಿಮಿಷ ಹುರಿಯಬೇಕು. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ; ಆದ್ದರಿಂದ ಪುಡಿಯನ್ನು ಬೆಣ್ಣೆಗೇ ಹಾಕಬೇಕು, ಕುದಿಯುವ ನೀರಿಗಲ್ಲ. ಅನಂತರ 330 ಮಿಲಿಲೀಟರಿನ ಒಂದು ಬಾಟಲಿ ಬೀರ್, ಅರ್ಧ ಬಟ್ಟಲು ಗಟ್ಟಿ ಟೊಮೇಟೊ ರಸ, ಎರಡು ಚಮಚ ವಿನೆಗರ್, ಎರಡು ಚಮಚ ಸಕ್ಕರೆ, ಉಪ್ಪು. ಸಣ್ಣ ಉರಿಯಲ್ಲಿ ಅರ್ಧಗಂಟೆ ಕುದಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಕಹಿ ಹೆಚ್ಚಿರುವ ಬೀರ್ ಆಗದು; ದ್ರವ ಬತ್ತಿದಂತೆ ಕಹಿ ಸಾಂದ್ರವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಗೊಜ್ಜಿನಲ್ಲಿ ಸಕ್ಕರೆ ಇರುವುದರಿಂದ ಮೊದಲೇ ಬಳಿದರೆ ಮಾಂಸ ಬೇಯುವ ಮುನ್ನವೇ ಅದು ಸೀದು ಕಪ್ಪಾಗುತ್ತದೆ. ಮಾಂಸ ಬಹುಪಾಲು ಬೆಂದ ಮೇಲೆ, ಕೊನೆಯ ಐದಾರು ನಿಮಿಷಗಳಲ್ಲಿ ಎರಡು ಮೂರು ಸಲ ಬಳಿಯಬೇಕು. ಹಸಿಮಾಂಸಕ್ಕೆ ತಾಗಿದ ಕುಂಚವನ್ನು ಬಡಿಸುವ ಪಾತ್ರೆಗೆ ಅದ್ದಬಾರದು.

ಕಳೆದ ವರ್ಷ ಮಗ ಹಿರೇಹಳ್ಳಿಗೆ ಬಂದಾಗ, ಮನೆಯ ಹಿಂದೆ ಇಟ್ಟಿಗೆಯ ಒಲೆ ಕಟ್ಟಿ ಹಳೆಯ ಗೆಳೆಯರನ್ನು ಊಟಕ್ಕೆ ಕರೆಯೋಣ, ಅದೇ ಗೊಜ್ಜು ಮಾಡೋಣ ಎಂದ. ಆಹ್ವಾನಿತರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಹೆಸರು ಬೇಡ. ಅವನ ತಂದೆ ಸಾರಾಯಿಗೆ ಬಲಿಯಾದವರು. ಪ್ಯಾಕೆಟ್ ಸಾರಾಯಿಯ ಆ ದಿನಗಳಲ್ಲಿ ಶುಲ್ಕ ಕಟ್ಟಲಾಗದೆ, ಪುಸ್ತಕವಿಲ್ಲದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೆ ಕುಡಿತ ನಿಲ್ಲಲಿಲ್ಲ, ಬಾಟಲಿ ಬದಲಾಯಿತು. ಈ ಹುಡುಗನೂ ದೊಡ್ಡವನಾದ ಮೇಲೆ ಅದೇ ದಾರಿ ಹಿಡಿದು, ಕೆಲಸ ಕಳೆದುಕೊಂಡು, ಚಿಕಿತ್ಸೆ ಪಡೆದು, ಈಗ ಆರು ವರ್ಷಗಳಿಂದ ಒಂದು ತೊಟ್ಟೂ ಮುಟ್ಟದೆ ಬದುಕಿದ್ದಾನೆ. ಈಗ ಹೆಂಡತಿ, ಮಗಳು, ಸಣ್ಣದೊಂದು ಅಂಗಡಿ ಎಲ್ಲವೂ ಇವೆ.

"ಕುದಿಸಿದರೆ ಆಲ್ಕೋಹಾಲ್ ಎಲ್ಲ ಆವಿಯಾಗುತ್ತದಲ್ಲ ಅಪ್ಪಾ" ಎಂದ ಮಗ. ಇದು ಬಹಳ ಮಂದಿಯ ನಂಬಿಕೆ. ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಆದ್ದರಿಂದ ಅದು ಮೊದಲೇ ಪೂರ್ತಿ ಹೊರಟುಹೋಗುತ್ತದೆ ಎಂಬ ತರ್ಕ. ಆದರೆ ಬೆರೆತ ದ್ರವಗಳು ಹಾಗೆ ಬೇರ್ಪಡುವುದಿಲ್ಲ. ಎರಡರ ಆವಿಯೂ ಕೂಡಿಯೇ ಏಳುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ, ಕುದಿಯುವ ಅಡುಗೆಯಲ್ಲಿ ಹದಿನೈದು ನಿಮಿಷಗಳ ನಂತರ ಶೇ. 40, ಅರ್ಧಗಂಟೆಯ ನಂತರ ಶೇ. 35, ಒಂದು ಗಂಟೆಯ ನಂತರ ಶೇ. 25, ಎರಡೂವರೆ ಗಂಟೆಯ ನಂತರವೂ ಶೇ. 5ರಷ್ಟು ಆಲ್ಕೋಹಾಲ್ ಉಳಿದಿರುತ್ತದೆ.

ಲೆಕ್ಕ ಹಾಕಿ ನೋಡಿ. ಶೇ. 5ರ ಬೀರ್ 330 ಮಿಲಿಲೀಟರಿನಲ್ಲಿ ಆಲ್ಕೋಹಾಲ್ 16.5 ಮಿಲಿಲೀಟರ್. ಅರ್ಧಗಂಟೆ ಕುದಿಸಿದ ಮೇಲೆ ಉಳಿಯುವುದು ಸುಮಾರು 5.8. ಎಂಟು ಜನರಿಗೆ ಹಂಚಿದರೆ ತಲೆಗೆ ಮುಕ್ಕಾಲು ಮಿಲಿಲೀಟರಿಗಿಂತ ಕಡಿಮೆ. ಇದರಿಂದ ಯಾರಿಗೂ ಅಮಲೇರದು. ಆದರೆ ಆರು ವರ್ಷ ತನ್ನೊಡನೆ ತಾನೇ ಹೋರಾಡಿದವನಿಗೆ ಪ್ರಶ್ನೆ ಮಿಲಿಲೀಟರಿನದಲ್ಲ. ಆ ವಾಸನೆ, ಆ ಕಹಿ ನಾಲಗೆಗೆ ಏನನ್ನು ನೆನಪಿಸುತ್ತದೆಂದು ನಾವು ಹೇಳಲಾರೆವು. ಅವನಿಗೆ ತಿಳಿಸದೆ ಬಡಿಸುವುದಂತೂ ಆತಿಥ್ಯವೇ ಅಲ್ಲ.

ಎರಡು ಪಾತ್ರೆಯಲ್ಲಿ ಮಾಡಿ ಅವನಿಗೆ ಬೇರೆಯದನ್ನು ಕೊಡೋಣವೆಂದು ಮನೆಯವಳು ಸೂಚಿಸಿದಳು. ಅದೂ ನನಗೆ ಒಪ್ಪಿಗೆಯಾಗಲಿಲ್ಲ. ಎರಡು ಪಾತ್ರೆ ಇಟ್ಟರೆ, ನೀನು ಇದನ್ನು ಮುಟ್ಟಬೇಡ ಎಂದು ಎಲ್ಲರೆದುರು ಅವನಿಗೆ ಹೇಳಿದಂತಾಗುತ್ತದೆ. ಎಲ್ಲರಿಗೂ ಒಂದೇ ಪಾತ್ರೆ, ಅದರಲ್ಲಿ ಬೀರ್ ಇರಬಾರದು, ರುಚಿಯೂ ಕೆಡಬಾರದು. ಇದು ನಾವು ಕೈಗೆತ್ತಿಕೊಂಡ ಪ್ರಯೋಗ.

ಬೀರ್ ಗೊಜ್ಜಿಗೆ ಕೊಡುವುದೇನು? ಮೊದಲನೆಯದು ಮಾಲ್ಟಿನ ಸಿಹಿ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಇದನ್ನೇ ನಮ್ಮ ಹೆಂಗಸರು ಮಗುವಿನ ಅಂಬಲಿಗಾಗಿ ರಾಗಿಯಲ್ಲಿ ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. ಎರಡನೆಯದು ಹಾಪ್ಸ್ ಎಂಬ ಹೂವಿನ ಕಹಿ. ಅದಕ್ಕೆ ನಮ್ಮಲ್ಲಿ ಮೆಂತ್ಯವಿದೆ. ಮೂರನೆಯದು ತುಸು ಹುಳಿ. ಹುಣಸೆಗೆ ತುಮಕೂರು ಸೀಮೆಯಲ್ಲಿ ಕೊರತೆಯೇ? ತುಮಕೂರಿನ ಮಾರುಕಟ್ಟೆ ಹುಣಸೆಗೆ ಹೆಸರುವಾಸಿ. ನಮ್ಮೂರಿನ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರ ‘ಸಿದ್ದು’ ಹಲಸನ್ನು ನಾಡಿಗೆ ಪರಿಚಯಿಸಿದಂತೆ, ಹುಣಸೆಯ ಮೇಲೂ ಕೆಲಸ ಮಾಡಿದೆ. ಬೀರಿನ ನೊರೆಯ ಅನಿಲವಂತೂ ಕುದಿಯುವಾಗಲೇ ಹೋಗುತ್ತದೆ. ಅದಕ್ಕೆ ಪರ್ಯಾಯ ಹುಡುಕಬೇಕಿಲ್ಲ.

ಮೂರು ಸಲ ಮಾಡಿ ನೋಡಿ ನಿಶ್ಚಯಿಸಿದ ಅಳತೆ ಇದು. ಒಂದು ಕಿಲೋ ಕೋಳಿಗೆ ಸಾಕು.

ಎಂಟು ಬ್ಯಾಡಗಿ ಮೆಣಸಿನಕಾಯಿ, ಎರಡು ಗುಂಟೂರು ಮೆಣಸಿನಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಆರು ಎಸಳು ಬೆಳ್ಳುಳ್ಳಿಯೊಡನೆ ನುಣ್ಣಗೆ ಅರೆಯಿರಿ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಕಾಲು ಚಮಚ ಮೆಂತ್ಯವನ್ನು ಕಂದುಬಣ್ಣ ಬರುವವರೆಗೆ ಹುರಿದು ಪುಡಿಮಾಡಿ. ಇದಕ್ಕಿಂತ ಹೆಚ್ಚಾದರೆ ಗೊಜ್ಜು ಕಷಾಯವಾಗುತ್ತದೆ. ಎರಡು ಚಮಚ ಮೊಳಕೆ ರಾಗಿಹಿಟ್ಟನ್ನು ಘಮ್ಮೆನ್ನುವಂತೆ ಹುರಿದು, ತಣಿದ ಮೇಲೆ 300 ಮಿಲಿಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕಲಸಿಡಿ. ಮೂರು ಚಮಚ ಎಣ್ಣೆಯಲ್ಲಿ ಈರುಳ್ಳಿ, ಅರ್ಧ ದೊಣ್ಣೆಮೆಣಸಿನಕಾಯಿ, ಸೆಲರಿಯ ಬದಲು ಒಂದು ಹಿಡಿ ಕೊತ್ತಂಬರಿ ದಂಟು ಹಾಗೂ ಚಿಟಿಕೆ ಓಂಕಾಳು ಬಾಡಿಸಿ. ಅರೆದ ಮೆಣಸನ್ನು ಎಣ್ಣೆ ಬಿಡುವವರೆಗೆ ಹುರಿದು, ಒಂದು ಚಮಚ ಕಾಳುಮೆಣಸಿನಪುಡಿ, ನಿಂಬೆಗಾತ್ರದ ಹುಣಸೆಯ ರಸ, ಎರಡು ಚಮಚ ಬೆಲ್ಲ, ಉಪ್ಪು, ರಾಗಿನೀರು, ಮೆಂತ್ಯದ ಪುಡಿ ಸೇರಿಸಿ. ಇಪ್ಪತ್ತು ನಿಮಿಷ ಸಣ್ಣ ಉರಿ. ರಾಗಿ ತಳ ಹಿಡಿಯುವುದರಿಂದ ಸೌಟು ಬಿಡಬೇಡಿ.

ಅಂದು ಸಂಜೆ ಎಲ್ಲರೂ ಒಲೆಯ ಸುತ್ತ ಕುಳಿತರು. ಅಮೆರಿಕದ ಬೀರ್ ಸಾಸ್ ಎಂದು ಮಗನ ಗೆಳೆಯನೊಬ್ಬ ಗಟ್ಟಿಯಾಗಿ ಹೇಳಿದ್ದನ್ನು ಕೇಳಿ ನನ್ನ ವಿದ್ಯಾರ್ಥಿಯ ಕೈ ತಟ್ಟೆಯ ಮೇಲೆ ನಿಂತಿತು. "ಸಾರ್, ಇದರಲ್ಲಿ ಏನೇನಿದೆ?" ಎಂದು ಮೆಲ್ಲಗೆ ಕೇಳಿದ. ನಾನು ತರಗತಿಯಲ್ಲಿ ಹೇಳುವಂತೆ ಒಂದೊಂದನ್ನೂ ಹೆಸರಿಸಿ, ಬೀರ್ ಇಲ್ಲವೆಂದೂ, ಮೊಳಕೆ ರಾಗಿ ಇದೆಯೆಂದೂ ಎಲ್ಲರಿಗೂ ಕೇಳುವಂತೆ ವಿವರಿಸಿದೆ. ಅವನು ತಲೆಯಾಡಿಸಿ ತಿಂದ. ಎರಡನೆಯ ಸಲ ಬಡಿಸಿಕೊಂಡ. ಹೊರಡುವಾಗ ಮಗಳಿಗೆಂದು ಡಬ್ಬಿಯಲ್ಲಿ ಸ್ವಲ್ಪ ಗೊಜ್ಜು ಕೇಳಿದ. ನನ್ನ ಮಡದಿ ಡಬ್ಬಿ ತುಂಬಿಸಿ, ಚಪಾತಿಗೂ ಹೊಂದುತ್ತದೆ ಎಂದು ಹೇಳಿ ಕಳುಹಿಸಿದಳು.

ಬೀರ್ ಹಾಕಿ ಮಾಡುವವರನ್ನು ನಾನು ಟೀಕಿಸುತ್ತಿಲ್ಲ. ಮೇಲಿನ ಮೊದಲ ವಿಧಾನವೂ ಸೊಗಸಾದದ್ದೇ. ಆದರೆ ಹಾಗೆ ಮಾಡಿದಾಗ ಉಣ್ಣುವವರಿಗೆ ಮೊದಲೇ ತಿಳಿಸಿ, ಮಕ್ಕಳಿಗೂ ಗರ್ಭಿಣಿಯರಿಗೂ ಬಡಿಸಬೇಡಿ. ಎಲ್ಲ ಆವಿಯಾಗಿದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ಮೇಲಿನ ಅಂಕಿಗಳನ್ನು ತೋರಿಸಿ. ಪಂಕ್ತಿಯಲ್ಲಿ ಕುಡಿತ ಬಿಟ್ಟವರೊಬ್ಬರು ಇರಬಹುದೆಂಬ ಶಂಕೆ ಇದ್ದರೂ ರಾಗಿಯ ಗೊಜ್ಜನ್ನೇ ಮಾಡಿ. ಅಂಥವರು ಯಾರೆಂದು ವಿಚಾರಿಸುವ ಅಗತ್ಯವೇ ಬೀಳುವುದಿಲ್ಲ.

ವಿದೇಶದಲ್ಲಿರುವ ಬಂಧುಗಳಿಗೆ ಮೊಳಕೆ ರಾಗಿಹಿಟ್ಟು ಭಾರತೀಯ ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಹಾಲಿನಪುಡಿ, ಸಕ್ಕರೆ ಬೆರೆಸಿರದಂತೆ ನೋಡಿ ಕೊಳ್ಳಿ. ಮಾಡಿ ನೋಡಿದವರು ಹೇಗಾಯಿತೆಂದು ತಿಳಿಸಿದರೆ ಸಂತೋಷ.