ದೀಪದ ಎತ್ತರ

ಹಳೆಯ ಮೋಟಾರು ಯಾರು ಮಾಡಿದ್ದು, ಯಾವ ಮಾದರಿಯದು ಎಂದು ತಿಳಿಯಲು ಅದರ ಮೇಲಿನ ಹೆಸರನ್ನು ಓದಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಓಲೆಗರಿಗಳನ್ನು ನೋಡಿ ಬಲ್ಲವರಿಗೆ ಇದು ಹೊಸ ಮಾತಲ್ಲ. ಕೊನೆಯ ಗರಿಯಲ್ಲಿರುವ ಹೆಸರು ಕವಿಯದೋ ಲಿಪಿಕಾರನದೋ ಎಂಬುದನ್ನು ಒಳಗಿನ ಬರಹವೇ ಹೇಳಬೇಕು. ಇಂಗ್ಲೆಂಡಿನ ಮಾರಿಸ್ ಮೈನರ್ ನಮ್ಮ ಹಿಂದುಸ್ತಾನ್ ಮೋಟಾರ್ಸಿನವರ ಕೈಸೇರಿ ಬೇಬಿ ಹಿಂದುಸ್ತಾನ್ ಆಯಿತು. ಹೆಸರು ಬೇರೆ, ಮೈಕಟ್ಟು ಒಂದೇ.

ಆ ಮೈನರನ್ನೇ ನೋಡಿ. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ವಿನ್ಯಾಸಕಾರ ಅಲೆಕ್ ಇಸಿಗೊನಿಸ್‌ಗೆ ಕೊನೆಯ ಗಳಿಗೆಯಲ್ಲಿ ಕಾರು ಕಿರಿದಾಯಿತೆನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ, ಹೋಳುಗಳನ್ನು ಸರಿಸಿ ನೋಡಿ, 4 ಅಂಗುಲ ಅಗಲ ಮಾಡಿಸಿದ. ಬಂಪರುಗಳು ಆಗಲೇ ತಯಾರಾಗಿದ್ದವು; ಪಾಪ, ಅವನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿದರು. ಬಾನೆಟ್ಟಿನ ನಡುವಣ ಚಪ್ಪಟೆ ಪಟ್ಟಿ ಆ ಅತೃಪ್ತಿಯ ಗುರುತು.

ಮೊದಲ ಮೈನರುಗಳ ದೀಪಗಳು ಮುಂಭಾಗದ ಜಾಲರಿಯಲ್ಲಿ, ತಗ್ಗಿನಲ್ಲಿದ್ದವು. ಅಮೆರಿಕದ ನಿಯಮಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಅಲ್ಲಿಗೆ ಹೋದವುಗಳಲ್ಲಿ 1949ರಲ್ಲೇ ದೀಪಗಳು ಮಡ್ಗಾರ್ಡಿನ ಮೇಲಕ್ಕೇರಿದವು. ಉಳಿದ ದೇಶಗಳ ಕಾರುಗಳಲ್ಲಿ ಏರಿದ್ದು 1950ರ ಕೊನೆಯ ಹೊತ್ತಿಗೆ. ಎರಡು ಹೋಳಿನ ಮುಂಗಾಜು 1956ರವರೆಗೆ ಉಳಿಯಿತು. ಬಣ್ಣ ಬದಲಾದೀತು, ಒಡೆದ ದೀಪಕ್ಕೆ ಬೇರೊಂದು ಬಂದೀತು. ದೀಪದ ನೆಲೆ ಬದಲಾಗಬೇಕಾದರೆ ಮಡ್ಗಾರ್ಡೇ ಬದಲಾಗಬೇಕು. ಹಾಗೆಂದು ಭಾವಚಿತ್ರದಲ್ಲಿನ ಕಾರು ಚಿತ್ರದ ವರ್ಷವನ್ನು ಹೇಳದು. ಇದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳುತ್ತದೆ. ಕೆಲವೊಮ್ಮೆ ಅಷ್ಟೇ ಹೆಚ್ಚಾಗುತ್ತದೆ.

ನನ್ನ ಅಜ್ಜಿಯ ಬಳಿ ಅಂಥದೊಂದು ಚಿತ್ರವಿದೆ. ನಮ್ಮೂರ ಬೀದಿಯಲ್ಲಿ ಮೈನರ್ ಕಾರಿಗೆ ಒರಗಿ ನಿಂತ ತರುಣ. ಮುಖದ ಮೇಲೆ ಮರದ ನೆರಳು. ಅದು 1949ರಲ್ಲಿ ವಿಷಮಶೀತಜ್ವರದಿಂದ ತೀರಿಹೋದ ತನ್ನ ಅಣ್ಣನೆಂದು ಅಜ್ಜಿಯ ನಂಬಿಕೆ. ಅವನ ಬೇರೊಂದು ಚಿತ್ರ ಮನೆಯಲ್ಲಿಲ್ಲ. ವರ್ಷವರ್ಷವೂ ಆ ದಿನ ಇದಕ್ಕೇ ಹೂವಿಡುತ್ತಾಳೆ.

ಕಾರಿನ ದೀಪಗಳು ಮಡ್ಗಾರ್ಡಿನ ಮೇಲಿವೆ.

“ಇದು ಯಾವ ಕಾರೋ, ನೀನು ಬಲ್ಲೆಯಲ್ಲ?” ಎಂದು ಕಳೆದ ಬಾರಿ ಅಜ್ಜಿಯೇ ಕೇಳಿದಳು.

“ಮಾರಿಸ್ ಮೈನರ್, ಅಜ್ಜಿ.”

“ಯಾವ ಕಾಲದ್ದು?”

“ನಿನ್ನ ಕಾಲದ್ದೇ” ಎಂದೆ.

ಅವಳು ಸೆರಗಿನಿಂದ ಗಾಜನ್ನು ಒರೆಸಿದಳು. “ಅಣ್ಣನಿಗೆ ಮೋಟಾರೆಂದರೆ ಪ್ರಾಣ” ಎಂದಳು.